ಹವಳ ಯಾವುದರ ಮೇಲೆ ನಿಂತಿದೆ? ಒಂಬತ್ತನೇ ತರಗತಿಯ ಒಂದು ಪ್ರಶ್ನೆಯ ಪ್ರಕರಣ

ಹಿನ್ನೆಲೆ

ಇದು ಚಿಕ್ಕಮಗಳೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದದ್ದು. ಊರು, ಶಾಲೆ ಯಾವುದೆಂದು ಹೇಳುವುದಿಲ್ಲ. ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ಸಮಾಜ ವಿಜ್ಞಾನದ ಶಿಕ್ಷಕಿಯನ್ನು ಇಲ್ಲಿ ಟೀಚರ್ ಎಂದಷ್ಟೇ ಕರೆಯುತ್ತೇನೆ. ಪ್ರಶ್ನೆ ಕೇಳಿದ ಹುಡುಗಿಗೆ ಕಾವ್ಯ ಎಂದು ಹೆಸರಿಡುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಅವಳ ಅಪ್ಪ ಬೆಟ್ಟ ನೋಡಲು ಬರುವವರನ್ನು ಜೀಪಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಅದು ಮುಂದೆ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ಹೇಳಿದೆ.

ನಾನು ಭೂವಿಜ್ಞಾನ ಓದಿದವನು. ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡಿ ನಿವೃತ್ತನಾದೆ. ಟೀಚರ್ ನನ್ನ ಹಳೆಯ ವಿದ್ಯಾರ್ಥಿನಿ. ಹಾಗಾಗಿ ಈ ಕಥೆಯೊಳಗೆ ನಾನೂ ಇದ್ದೇನೆ, ಒಂದು ಕಡೆ ತಪ್ಪು ಮಾಡಿದವನಾಗಿಯೂ ಇದ್ದೇನೆ.

ಪ್ರಶ್ನೆ ಹುಟ್ಟಿದ್ದು

ಪಾಠ ಭಾರತದ ದ್ವೀಪಗಳದ್ದು. ಲಕ್ಷದ್ವೀಪ ಹವಳದ ದ್ವೀಪ, ಅಂಡಮಾನಿನ ಬ್ಯಾರನ್ ಜ್ವಾಲಾಮುಖಿ ದ್ವೀಪ. ಪರೀಕ್ಷೆಗೆ ಇಷ್ಟು ಸಾಕು. ಮಕ್ಕಳು ಇವನ್ನು ಎರಡು ಬೇರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಬಿಡುತ್ತಾರೆ.

ಕಾವ್ಯ ಎದ್ದು ನಿಂತಳು. "ಮಿಸ್, ಹವಳಕ್ಕೆ ಬಿಸಿಲು ಬೇಕು, ಆಳದಲ್ಲಿ ಬೆಳೆಯಲ್ಲ ಅಂತ ವಿಜ್ಞಾನದ ಸರ್ ಹೇಳಿದ್ರು. ಅಲ್ಲಿ ಸಮುದ್ರ ಕಿಲೋಮೀಟರ್‌ಗಟ್ಟಲೆ ಆಳ ಇದೆಯಲ್ವಾ? ಹಾಗಾದ್ರೆ ಮೊದಲನೇ ಹವಳ ಯಾವುದರ ಮೇಲೆ ನಿಂತ್ಕೊಳ್ತು?"

ಇದು ಸಣ್ಣ ಪ್ರಶ್ನೆಯಲ್ಲ. ದ್ವೀಪ ಕಟ್ಟುವ ಹವಳಗಳು ಚೆನ್ನಾಗಿ ಬೆಳೆಯುವುದು ಬೆಳಕು ಇಳಿಯುವ, ಆಳವಿಲ್ಲದ ನೀರಿನಲ್ಲಿ, ಸುಮಾರು 50 ಮೀಟರ್ ಒಳಗೆ. ಲಕ್ಷದ್ವೀಪದ ಸುತ್ತಲಿನ ಸಮುದ್ರ 2 ಕಿ.ಮೀ.ಗೂ ಜಾಸ್ತಿ ಆಳ. ದ್ವೀಪಗಳೋ ನೀರಿನಿಂದ ಒಂದೆರಡು ಮೀಟರ್ ಮೇಲೆ ತಲೆ ಎತ್ತಿವೆ, ಎಲ್ಲ ಸೇರಿದರೂ 32 ಚದರ ಕಿ.ಮೀ. ಅಷ್ಟೇ. ಬುಡವಿಲ್ಲದೆ ಇವು ಅಲ್ಲಿ ಬಂದದ್ದಾದರೂ ಹೇಗೆ? ಇದೇ ಪ್ರಶ್ನೆ ಇಟ್ಟುಕೊಂಡು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಒಂದು ಇಡೀ ಪುಸ್ತಕ ಬರೆದ. ತೋಟದ ಸೀಮೆಯ ಹುಡುಗಿಯೊಬ್ಬಳು ಎರಡು ವಿಷಯದ ಎರಡು ಪಾಠಗಳನ್ನು ಒಟ್ಟಿಗೆ ಹಿಡಿದು ಅದೇ ಜಾಗಕ್ಕೆ ಬಂದು ನಿಂತಿದ್ದಳು.

ಟೀಚರ್‌ಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ಬೋರ್ಡಿನ ಬಲಮೂಲೆಯಲ್ಲಿ ಪ್ರಶ್ನೆಯನ್ನು ಬರೆದು, ಸುತ್ತ ಒಂದು ಗೆರೆ ಎಳೆದು, "ಇದನ್ನ ಯಾರೂ ಅಳಿಸಬೇಡಿ" ಎಂದರು. ಈ ಪ್ರಕರಣದ ಮೊದಲ ನಿರ್ಧಾರ ಅದು. "ಅದು ನಿಮ್ಮ ಸಿಲಬಸ್‌ನಲ್ಲಿಲ್ಲ ಕೂತ್ಕೋ" ಎಂದಿದ್ದರೆ ಇಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ಆ ಗೆರೆಯೊಳಗಿನ ಪ್ರಶ್ನೆ ಒಂದೂವರೆ ತಿಂಗಳು ಅಲ್ಲೇ ಇತ್ತು. ಗಣಿತದ ಮೇಷ್ಟ್ರು ಕೂಡ ಅದನ್ನು ಬಿಟ್ಟು ಉಳಿದ ಜಾಗದಲ್ಲಿ ಲೆಕ್ಕ ಬರೆಯುತ್ತಿದ್ದರು.

ಸಂಜೆ ನನಗೆ ಫೋನ್ ಬಂತು. ನಾನು ಹೇಳಿದ್ದು ಇಷ್ಟು. ಲಕ್ಷದ್ವೀಪ, ಮಾಲ್ಡೀವ್ಸ್, ಅದಕ್ಕೂ ದಕ್ಷಿಣದ ಚಾಗೋಸ್ ದ್ವೀಪಗಳು ಮೂರೂ ನೀರಿನಡಿಯ ಒಂದೇ ಬೆಟ್ಟಸಾಲಿನ ಮೇಲೆ ಕೂತಿವೆ. ಚಾಗೋಸ್-ಲಕ್ಷದ್ವೀಪ ಸಾಲು ಎಂದು ಅದಕ್ಕೆ ಹೆಸರು. ನಮ್ಮ ಪಶ್ಚಿಮ ಕರಾವಳಿಯಾಚೆಯಿಂದ ಶುರುವಾಗಿ ಸಮಭಾಜಕ ದಾಟಿ ದಕ್ಷಿಣಕ್ಕೆ ಸುಮಾರು 2,500 ಕಿ.ಮೀ. ಹೋಗುತ್ತದೆ. ಮಾಲ್ಡೀವ್ಸ್, ಚಾಗೋಸ್ ಭಾಗದಲ್ಲಿ ಅದು ಜ್ವಾಲಾಮುಖಿ ಕಟ್ಟಿದ ಬೆಟ್ಟ. ಮೇಲೆ ಹವಳ, ಅಡಿಯಲ್ಲಿ ಲಾವಾ. ಆ ಬೆಟ್ಟ ನಿಧಾನಕ್ಕೆ ಇಳಿಯುತ್ತದೆ, ಹವಳ ಅದರ ಮೇಲೆ ಬೆಳೆಯುತ್ತಾ ಏರುತ್ತದೆ. ಅಂದರೆ ಆ ಎರಡು ಡಬ್ಬಿ ಬೇರೆ ಬೇರೆ ಅಲ್ಲ, ಒಂದರ ಮೇಲೊಂದು.

ಮೊದಲ ಯತ್ನ: ಉಕ್ಕುವ ಬೆಟ್ಟ

ಆಗಲೇ ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂದಿತ್ತು. ಐದು ಮಕ್ಕಳ ತಂಡವಾಯಿತು. ಇದನ್ನೇ ಮಾಡೋಣ ಎಂದರು. ಜ್ವಾಲಾಮುಖಿ ಎಂದ ತಕ್ಷಣ ಎಲ್ಲ ಶಾಲೆಗಳಲ್ಲೂ ಆಗುವುದೇ ಇಲ್ಲೂ ಆಯಿತು. ಮಣ್ಣಿನ ಬೆಟ್ಟ, ಒಳಗೆ ಅಡಿಗೆ ಸೋಡಾ, ಮೇಲಿಂದ ಕುಂಕುಮ ಕಲಸಿದ ವಿನೆಗರ್. ಬುಸ್ ಎಂದು ಕೆಂಪು ನೊರೆ ಉಕ್ಕಿತು. ಹೆಡ್‌ಮೇಷ್ಟ್ರಿಗೆ ಖುಷಿಯಾಯಿತು. ಫೋಟೋ ತೆಗೆದರು.

ಕಾವ್ಯ ಮಾತ್ರ ಬೋರ್ಡಿನ ಮೂಲೆ ತೋರಿಸಿ, "ಮಿಸ್, ಇದರಲ್ಲಿ ಹವಳ ಎಲ್ಲಿದೆ?" ಎಂದಳು.

ಟೀಚರ್ ಆ ಮಾದರಿಯನ್ನು ಬಿಟ್ಟರು. ಹೆಡ್‌ಮೇಷ್ಟ್ರು ಒಪ್ಪಿದ ಮೇಲೆ, ಮಕ್ಕಳು ಚಪ್ಪಾಳೆ ತಟ್ಟಿದ ಮೇಲೆ ಬಿಡುವುದು ಸುಲಭವಲ್ಲ. ತಂಡದ ಇಬ್ಬರು ಹುಡುಗರು ಬೇಸರದಿಂದ ಹೊರಗೆ ಹೋದರು. ಆಮೇಲೆ ಅವರು ವಾಪಸ್ ಬರಲೇ ಇಲ್ಲ. ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಕೊರಗು ಇರುವುದು ಆ ಇಬ್ಬರ ಬಗ್ಗೆ. ನೊರೆ ಉಕ್ಕಿಸುವ ಕೆಲಸವನ್ನಾದರೂ ಒಂದು ಭಾಗವಾಗಿ ಅವರಿಗೆ ಉಳಿಸಿಕೊಡಬಹುದಿತ್ತು.

ಮುಳುಗುವ ಬೆಟ್ಟ

ಎರಡನೆಯದು ಹವಳದ ಪ್ರಶ್ನೆಗೇ ನೇರವಾಗಿ ಮಾಡಿದ್ದು. ಅಂಗಡಿಯಲ್ಲಿ ಸಿಗುವ ಕಪ್ಪು ಕ್ಲೇಯಿಂದ ಒಂದು ಬೆಟ್ಟ. ಅದನ್ನು ನೀರು ತುಂಬಿದ ಪಾರದರ್ಶಕ ಟಬ್ಬಿನಲ್ಲಿಟ್ಟು, ನೀರಿನ ಅಂಚಿಗೆ ಸರಿಯಾಗಿ ಬಿಳಿ ಕ್ಲೇಯ ಉಂಗುರ ಅಂಟಿಸಿದರು. ಅದೇ ಹವಳ. ಆಮೇಲೆ ಚೊಂಬಿನಿಂದ ಸ್ವಲ್ಪ ನೀರು ಸುರಿಯುವುದು, ಉಂಗುರ ಮುಳುಗಿದರೆ ಅದರ ಮೇಲೆ ಇನ್ನೊಂದು ಸುತ್ತು ಬಿಳಿ ಕ್ಲೇ ಏರಿಸುವುದು.

ತಂಡದ ಕಿರಿಯ ಹುಡುಗ ತಡೆದ. "ಇಲ್ಲಿ ನೀರು ಏರ್ತಾ ಇದೆ. ಸರ್ ಹೇಳಿದ್ದು ಬೆಟ್ಟ ಇಳಿಯುತ್ತೆ ಅಂತ."

ಸರಿಯಾದ ಮಾತು. ಸಮುದ್ರದ ತಳ ಬಿಸಿಯಾಗಿದ್ದಾಗ ಉಬ್ಬಿ ಮೇಲಿರುತ್ತದೆ. ಬೆಂಕಿಯಿಂದ ದೂರ ಸರಿದಂತೆ ತಣ್ಣಗಾಗಿ, ಬಿಗಿದು, ಕೆಳಗೆ ಕೂರುತ್ತದೆ. ಬೆಟ್ಟದ ಸ್ವಂತ ಭಾರವೂ ಅದನ್ನು ಒತ್ತುತ್ತದೆ. ಹಾಗಾಗಿ ಬೆಟ್ಟ ಇಳಿಯುತ್ತಲೇ ಹೋಗುತ್ತದೆ. ಹವಳ ಮಾತ್ರ ಬೆಳಕು ಬಿಡಲಾರದೆ ಅಪ್ಪ ಅಜ್ಜಂದಿರ ಸುಣ್ಣದ ಗೂಡಿನ ಮೇಲೆಯೇ ಗೂಡು ಕಟ್ಟುತ್ತಾ ಮೇಲಕ್ಕೆ ಏರುತ್ತದೆ. ಕೊನೆಗೆ ಬೆಟ್ಟದ ತುದಿಯೂ ಮುಳುಗಿ, ಉಂಗುರ ಮಾತ್ರ ಉಳಿಯುತ್ತದೆ. ಅದರ ನಡುವೆ ತಿಳಿನೀರಿನ ಹೊಂಡ. ಅದೇ ಅಟಾಲ್ ಅಥವಾ ಹವಳದ್ವೀಪ.

ಮಕ್ಕಳು ಊಟದ ತಟ್ಟೆಯೊಂದಕ್ಕೆ ಮೂರು ದಾರ ಕಟ್ಟಿ ತಕ್ಕಡಿಯ ಹಾಗೆ ಮಾಡಿಕೊಂಡರು. ತಟ್ಟೆಯಲ್ಲಿ ಕಪ್ಪು ಬೆಟ್ಟ. ಒಬ್ಬ ದಾರವನ್ನು ಬೆರಳಗಲ ಇಳಿಸುವುದು, ಕಾವ್ಯ ಒಂದು ಸುತ್ತು ಬಿಳಿ ಕ್ಲೇ ಏರಿಸುವುದು. ಆರನೇ ಸಲಕ್ಕೆ ಕಪ್ಪು ತುದಿ ನೀರಿನಡಿ ಮರೆಯಾಯಿತು. ಮೇಲಿಂದ ನೋಡಿದರೆ ಬರೀ ಬಿಳಿ ಉಂಗುರ. ಬದಿಯಿಂದ ನೋಡಿದರೆ ಎಲ್ಲ ಕಾಣುತ್ತದೆ. ಹುಡುಗಿ ಮೇಲಿಂದೊಮ್ಮೆ ಬದಿಯಿಂದೊಮ್ಮೆ ಬಗ್ಗಿ ನೋಡುತ್ತಾ ಎಷ್ಟೋ ಹೊತ್ತು ಹಾಗೇ ಇದ್ದಳಂತೆ.

ಬೆಟ್ಟ ಇಳಿಯುತ್ತದೆ, ಹವಳ ಏರುತ್ತದೆ ಎಂದು ಡಾರ್ವಿನ್ ಹೇಳಿದ್ದು ಊಹೆ. ಬುಡದವರೆಗೆ ಕೊರೆದು ನೋಡಿದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಅಟಾಲ್‌ನಲ್ಲಿ ಕೊರೆದಾಗ 1.2 ಕಿ.ಮೀ.ಗಿಂತ ಜಾಸ್ತಿ ಸುಣ್ಣದ ಕಲ್ಲು ಸಿಕ್ಕಿ, ಅದರಡಿ ಜ್ವಾಲಾಮುಖಿಯ ಕಪ್ಪು ಬಸಾಲ್ಟ್ ಸಿಕ್ಕಿತು. ಮಾಲ್ಡೀವ್ಸ್‌ನಲ್ಲಿ ತೈಲ ಹುಡುಕಲು ತೋಡಿದ ಬಾವಿಗಳಲ್ಲೂ ಹಾಗೇ. ಅಲ್ಲಿ ಸುಮಾರು 2 ಕಿ.ಮೀ. ಸುಣ್ಣದ ಕಲ್ಲು ದಾಟಬೇಕಾಯಿತು.

ಬೋರ್ಡಿನ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತ್ತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಕಾವ್ಯ ಕೆಳಗೆ ಇನ್ನೊಂದು ಸಾಲು ಬರೆದಿದ್ದಳು: "ಬೆಟ್ಟಗಳು ಸಾಲಾಗಿ ಯಾಕೆ?"

ಊದುಬತ್ತಿ

ಭೂಮಿಯ ಆಳದಿಂದ ಒಂದೇ ಜಾಗದಲ್ಲಿ ಬಿಸಿ ಮೇಲೆದ್ದು ಬರುತ್ತಿರುತ್ತದೆ. ಅದಕ್ಕೆ ಹಾಟ್‌ಸ್ಪಾಟ್ ಎನ್ನುತ್ತಾರೆ. ಅದರ ಮೇಲೆ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ನಿಧಾನ ಜಾರುತ್ತಾ ಹೋದರೆ, ಜಾರಿದಂತೆಲ್ಲ ಹೊಸ ಹೊಸ ಜಾಗ ಸುಡುತ್ತದೆ. ಹಳೆಯ ಬೆಟ್ಟ ಮುಂದೆ ಹೋಗಿ ಆರಿಹೋಗುತ್ತದೆ, ಹಿಂದೆ ಹೊಸದು ಏಳುತ್ತದೆ. ಹವಾಯಿ ದ್ವೀಪಗಳನ್ನು ನೋಡಿ 1963ರಲ್ಲಿ ಕೆನಡಾದ ಭೂವಿಜ್ಞಾನಿ ಟ್ಯೂಜೊ ವಿಲ್ಸನ್ ಹೇಳಿದ ವಿಚಾರ ಇದು. ನಮ್ಮ ಕಡೆಯ ಸಾಲಿಗೆ ಆ ಬೆಂಕಿ ಈಗ ಇರುವುದು ರಿಯೂನಿಯನ್ ದ್ವೀಪದ ಅಡಿಯಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ. ಅಲ್ಲಿನ ಪಿಟಾನ್ ದ ಲಾ ಫೂರ್ನೇಸ್ ಇವತ್ತಿಗೂ ಆಗಾಗ ಉಕ್ಕುತ್ತಲೇ ಇದೆ. ಅದೇ ಬೆಂಕಿ 6.6 ಕೋಟಿ ವರ್ಷದ ಹಿಂದೆ ಭಾರತದ ಅಡಿಯಲ್ಲಿತ್ತು, ದಖ್ಖನ್ನಿನ ಲಾವಾ ಹಾಸು ಅದರದ್ದು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಕಾಣುವ ಕಪ್ಪು ಕಲ್ಲು ಅದೇ.

ಇದನ್ನು ತೋರಿಸುವುದು ಹೇಗೆ? ದಾರಿ ಹುಡುಕಿದ್ದು ಟೀಚರ್. ಒಂದು ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ ಎರಡು ಡೆಸ್ಕಿನ ನಡುವೆ ಇಟ್ಟರು. ಡೆಸ್ಕಿನಿಂದ ಡೆಸ್ಕಿಗೆ ಕಾಗದ ಬಿಗಿಯಾಗಿ ಹಿಡಿದು, ಊದುಬತ್ತಿಯ ಕೆಂಡ ಅಡಿಯಿಂದ ತಾಗುವಷ್ಟು ಇಳಿಸಿದರು. ಮೊದಲು ದಿನಪತ್ರಿಕೆ ಹಿಡಿದಾಗ ಅದು ಹೊತ್ತಿಕೊಂಡುಬಿಟ್ಟಿತು, ಪಕ್ಕದಲ್ಲಿದ್ದ ಬಕೆಟ್ ನೀರು ಉಪಯೋಗಕ್ಕೆ ಬಂತು. ಆಮೇಲೆ ಡ್ರಾಯಿಂಗ್ ಶೀಟ್ ತಂದರು. ಹತ್ತು ಎಣಿಸುವುದು, ಎರಡು ಬೆರಳಷ್ಟು ಎಳೆಯುವುದು, ಮತ್ತೆ ಹತ್ತು. ಬಿಳಿ ಹಾಳೆಯ ಮೇಲೆ ಕಂದು ಬೊಟ್ಟು ಮೂಡಿ, ನಡುವೆ ಕಪ್ಪಾಗಿ, ಸಣ್ಣ ತೂತು ಬೀಳುತ್ತಿತ್ತು. ಒಂದಾದ ಮೇಲೊಂದು, ಸಾಲಾಗಿ. ನಿಲ್ಲಿಸದೆ ನಿಧಾನಕ್ಕೆ ಎಳೆದರೆ ಬೊಟ್ಟು ಬೊಟ್ಟಾಗುವ ಬದಲು ಒಂದೇ ಉದ್ದನೆಯ ಸುಟ್ಟ ಗೆರೆ. ದ್ವೀಪಗಳ ಸಾಲು ಒಂದು ಕಡೆ ಆಗುವುದು, ಉದ್ದ ದಿಬ್ಬ ಇನ್ನೊಂದು ಕಡೆ ಆಗುವುದು ಹೇಗೆ ಎಂದು ಇದಕ್ಕಿಂತ ಚೆನ್ನಾಗಿ ನಾನು ಕಾಲೇಜಿನಲ್ಲೂ ತೋರಿಸಿರಲಿಲ್ಲ.

ಒಂದು ದಿನ ತಂಡದ ಕಿರಿಯ ಹುಡುಗ ಕಾಗದ ಎಳೆಯುವ ಬದಲು ಬಾಳೆಹಣ್ಣನ್ನೇ ತಳ್ಳಿದ. ಹಾಳೆಯ ಮೇಲೆ ಅದೇ ಸಾಲು ಬಂತು, ಒಂದಿಷ್ಟೂ ವ್ಯತ್ಯಾಸವಿಲ್ಲ. "ಹಾಗಾದ್ರೆ ನೆಲ ಜಾರಿದ್ದೋ ಬೆಂಕಿ ಜಾರಿದ್ದೋ, ಹೆಂಗೆ ಗೊತ್ತಾಗುತ್ತೆ?" ಎಂದ.

ಟೀಚರ್ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅಷ್ಟು ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಒಂದೇ ಸಾಲು: "ಇನ್ನೊಂದು ಊದುಬತ್ತಿ ತನ್ನಿ."

ಬಂಗಾಳ ಕೊಲ್ಲಿಯ ಕಡೆ, ಪೂರ್ವ ರೇಖಾಂಶ 90 ಡಿಗ್ರಿಯ ಉದ್ದಕ್ಕೂ ಇನ್ನೊಂದು ಮುಳುಗಿದ ಬೆಟ್ಟಸಾಲಿದೆ. ಸುಮಾರು 5,000 ಕಿ.ಮೀ. ಉದ್ದ, ನೆಟ್ಟಗೆ ಉತ್ತರ ದಕ್ಷಿಣವಾಗಿ. ಅದನ್ನು ಕಟ್ಟಿದ್ದು ಬೇರೆಯೇ ಬೆಂಕಿ, ದೂರದ ದಕ್ಷಿಣದ ಕೆರ್ಗುಲೆನ್ ದ್ವೀಪದ ಕಡೆಯದ್ದು. ಆದರೂ ಅಲ್ಲಿ ಕೂಡ ಉತ್ತರದ ಕಲ್ಲು ಹಳೆಯದು, ದಕ್ಷಿಣಕ್ಕೆ ಬಂದಂತೆ ಹೊಸದು. ಸಾವಿರಾರು ಕಿ.ಮೀ. ದೂರದ ಎರಡು ಬೆಂಕಿಗಳು ಮಾತಾಡಿಕೊಂಡು ಜೊತೆಯಲ್ಲಿ ನಡೆಯುತ್ತವೆಯೇ?

ಮಕ್ಕಳು ಎರಡು ಊದುಬತ್ತಿ ನಿಲ್ಲಿಸಿ ಒಂದೇ ಹಾಳೆ ಎಳೆದರು. ಎರಡು ಸಾಲು, ರೈಲು ಹಳಿಯ ಹಾಗೆ. ಆಮೇಲೆ ಹಾಳೆ ನಿಲ್ಲಿಸಿ, ಇಬ್ಬರು ಒಂದೊಂದು ಊದುಬತ್ತಿ ಹಿಡಿದು ತಮ್ಮ ಪಾಡಿಗೆ ನಡೆಸಿದರು. ಒಂದು ಗೆರೆ ಎಡಕ್ಕೆ ಹೋಯಿತು, ಇನ್ನೊಂದು ಮಧ್ಯದಲ್ಲೇ ನಿಂತಿತು. ಕೇಳಿದ ಹುಡುಗನೇ "ಹಾಳೆನೇ ಜಾರಿದ್ದು" ಎಂದ. ಬೆಂಕಿಯೂ ಸ್ವಲ್ಪ ಅತ್ತಿತ್ತ ಸರಿಯುತ್ತದೆ, ಆದರೆ ನೆಲ ಜಾರಿದ್ದರ ಮುಂದೆ ಅದು ಕಡಿಮೆ. ದಖ್ಖನ್ನಿನ ಕಲ್ಲಿನೊಳಗೆ ಹೆಪ್ಪುಗಟ್ಟಿದ ಕಾಂತದ ಗುರುತು ಕೂಡ ಇದನ್ನೇ ಹೇಳುತ್ತದೆ. ಲಾವಾ ಯಾವ ಅಕ್ಷಾಂಶದಲ್ಲಿ ಆರಿತೆಂದು ಆ ಗುರುತಿನಿಂದ ತಿಳಿಯುತ್ತದೆ. ಆ ಲಾವಾ ಆರಿದ್ದು ಸಮಭಾಜಕದ ದಕ್ಷಿಣದಲ್ಲಿ.

ದಾರ ಕೂರಲಿಲ್ಲ

ಇನ್ನು ನನ್ನ ತಪ್ಪಿನ ವಿಷಯ.

1987ರಲ್ಲಿ ಜಾಯ್ಡ್ಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಮಾರಿಷಸ್‌ನಿಂದ ಹೊರಟು ಈ ಸಾಲಿನ ಉದ್ದಕ್ಕೂ ಸಮುದ್ರದ ತಳ ಕೊರೆದು ಕಲ್ಲು ತೆಗೆಯಿತು. ಮಾಲ್ಡೀವ್ಸ್ ಬಳಿಯ ಬಸಾಲ್ಟ್ ಸುಮಾರು 5.7 ಕೋಟಿ ವರ್ಷ ಹಳೆಯದು. ಚಾಗೋಸ್ ಉತ್ತರದ್ದು ಸುಮಾರು 4.9 ಕೋಟಿ. ಮಾರಿಷಸ್ ದ್ವೀಪದ ಹಳೆಯ ಲಾವಾ 80 ಲಕ್ಷದ ಆಸುಪಾಸು. ರಿಯೂನಿಯನ್‌ನದ್ದು 20 ಲಕ್ಷ. ಈ ಪಟ್ಟಿಯನ್ನು ಟೀಚರ್‌ಗೆ ಬರೆಸಿ, "ದಖ್ಖನ್ನಿನಿಂದ ರಿಯೂನಿಯನ್‌ವರೆಗೆ ಒಂದೇ ಸಾಲು" ಎಂದುಬಿಟ್ಟೆ. ಸರಳವಾಗಿರಲಿ ಎಂದು ನಡುವಿನ ಒಂದು ಸಂಗತಿ ಬಿಟ್ಟಿದ್ದೆ.

ಮಕ್ಕಳು ಮೊದಲು ಲೆಕ್ಕ ಮಾಡಿದರು. ಮಾಲ್ಡೀವ್ಸ್‌ನಲ್ಲಿ ಕೊರೆದ ಜಾಗದಿಂದ ಚಾಗೋಸ್‌ನಲ್ಲಿ ಕೊರೆದ ಜಾಗಕ್ಕೆ ಸುಮಾರು 1,000 ಕಿ.ಮೀ. ವಯಸ್ಸಿನ ಅಂತರ 80 ಲಕ್ಷ ವರ್ಷ. ಸೆಂಟಿಮೀಟರ್‌ಗೆ ಇಳಿಸಿ ಭಾಗಿಸಿದರೆ ವರ್ಷಕ್ಕೆ 12.5 ಸೆಂ.ಮೀ. ಒಂದು ಒಳ್ಳೆ ಮೆಣಸಿನ ತೆನೆಯ ಉದ್ದ. ಈಗ ಭಾರತ ವರ್ಷಕ್ಕೆ ಜಾರುವುದು ಸುಮಾರು 5 ಸೆಂ.ಮೀ. ಮಾತ್ರ. ಏಷ್ಯಾಕ್ಕೆ ಹೋಗಿ ಗುದ್ದಿದ ಮೇಲೆ ವೇಗ ಬಿದ್ದುಹೋಗಿದೆ. ಗಣಿತದ ಮೇಷ್ಟ್ರು ಈ ಲೆಕ್ಕವನ್ನು ಇಡೀ ತರಗತಿಗೆ ಕೊಟ್ಟರಂತೆ.

ಆಮೇಲೆ ಕಾವ್ಯ ಗೋಡೆಯ ಭೂಪಟದ ಮೇಲೆ ದಾರ ಹಿಡಿದಳು. ಮುಂಬೈ ಕಡೆಯಿಂದ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್. ದಾರ ಚೆನ್ನಾಗಿ ಕೂತಿತು. ಚಾಗೋಸ್‌ನಿಂದ ಮಾರಿಷಸ್‌ಗೆ ಎಳೆದರೆ ದಾರ ಫಕ್ಕನೆ ನೈಋತ್ಯಕ್ಕೆ ತಿರುಗಿತು. ನಡುವೆ 2,000 ಕಿ.ಮೀ.ಗೂ ಜಾಸ್ತಿ ಖಾಲಿ. ಮೊಳೆ ಹೊಡೆಯದೆ ದಾರ ನಿಲ್ಲುತ್ತಲೇ ಇರಲಿಲ್ಲ. "ಸರ್ ಹೇಳಿದ್ದು ಸರಿ ಬರ್ತಿಲ್ಲ ಮಿಸ್" ಎಂದಳು.

ಇಲ್ಲಿ ಟೀಚರ್ ಎರಡು ರೀತಿ ಮಾಡಬಹುದಿತ್ತು. ಪ್ರದರ್ಶನಕ್ಕೆ ಹನ್ನೆರಡು ದಿನ ಉಳಿದಿತ್ತು. ಮೊಳೆ ಹೊಡೆದು ದಾರವನ್ನು ಬಾಗಿಸಿ ಮುಂದೆ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರು ಹುಡುಗಿಯ ಕೈಗೇ ಫೋನ್ ಕೊಟ್ಟರು. "ನೀನೇ ಕೇಳು."

"ಸರ್, ದಾರ ಯಾಕೆ ತಿರುಗುತ್ತೆ?"

ಅವಳಿಗೆ ನಾನು ಮೊದಲು ಹೇಳಿದ್ದು, "ನೀನು ಕಂಡುಹಿಡಿದದ್ದು ಸರಿಯಮ್ಮ, ನಾನೇ ಒಂದು ತುಂಡು ಬಿಟ್ಟು ಹೇಳಿದ್ದೆ" ಎಂದು. ಆಮೇಲೆ ಬಿಟ್ಟದ್ದನ್ನು ಹೇಳಿದೆ. ಚಾಗೋಸ್ ಮತ್ತು ಮಾರಿಷಸ್ ನಡುವೆ ಸಮುದ್ರದ ತಳದಲ್ಲಿ ಒಂದು ಉದ್ದ ಬಿರುಕಿನ ಸಾಲಿದೆ, ಮಧ್ಯ ಹಿಂದೂ ಮಹಾಸಾಗರದ ಏಣು. ಅಲ್ಲಿ ಎರಡು ಭೂಫಲಕಗಳು ದೂರ ಸರಿಯುತ್ತಿರುತ್ತವೆ, ನಡುವೆ ಹೊಸ ನೆಲ ಹುಟ್ಟುತ್ತಿರುತ್ತದೆ. ಸುಮಾರು 3.6 ಕೋಟಿ ವರ್ಷದ ಹಿಂದೆ ಈ ಬಿರುಕೇ ಬೆಂಕಿಯ ಮೇಲೆ ಹಾದುಹೋಯಿತು. ಅಲ್ಲಿಯವರೆಗೆ ಭಾರತದ ಫಲಕ ಸುಡುತ್ತಿದ್ದ ಬೆಂಕಿ, ಆಮೇಲೆ ಆಫ್ರಿಕಾದ ಫಲಕವನ್ನು ಸುಡತೊಡಗಿತು. ಹಡಗು ಮಾರಿಷಸ್ ಉತ್ತರದ ನಜರೆತ್ ಬ್ಯಾಂಕ್ ಎಂಬ ಮುಳುಗಿದ ದಿಬ್ಬದ ಅಂಚಿನಲ್ಲಿ ತೆಗೆದ ಕಲ್ಲು 3.3 ಕೋಟಿ ವರ್ಷದ್ದು, ಅದು ಆಫ್ರಿಕಾದ ಬದಿಯದು. ಒಂದು ಕಾಲದಲ್ಲಿ ಅಕ್ಕಪಕ್ಕದಲ್ಲಿದ್ದ ದಿಬ್ಬಗಳು ಈಗ ಎರಡು ಕಡೆ ದೂರ ದೂರ ಹೋಗಿವೆ. ನಡುವೆ ಖಾಲಿ ಕಾಣುವುದು ಅದಕ್ಕೇ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದ್ರೆ ಹಾಳೆ ಹರೀಬೇಕು" ಎಂದಳು.

ಮರುದಿನ ಅವರು ಎರಡು ಹಾಳೆಯ ಅಂಚು ಸೇರಿಸಿ ಹಿಡಿದರು. ಮೊದಲನೆಯದನ್ನು ಉತ್ತರಕ್ಕೆ ಎಳೆದರು. ಸೇರುವ ಅಂಚು ಊದುಬತ್ತಿಯ ಮೇಲೆ ಬಂದು ದಾಟಿತು. ಮುಂದಿನ ಬೊಟ್ಟುಗಳು ಎರಡನೇ ಹಾಳೆಯ ಮೇಲೆ ಬಿದ್ದವು. ಆ ಹಾಳೆಯನ್ನು ಈಶಾನ್ಯಕ್ಕೆ ನಿಧಾನ ಎಳೆಯುತ್ತಾ, ಎರಡನ್ನೂ ಅಗಲಿಸುತ್ತಾ ಹೋದರು. ಕೊನೆಗೆ ಅಲುಗಾಡದೆ ನಿಂತಿದ್ದದ್ದು ಬಾಳೆಹಣ್ಣು ಮಾತ್ರ. ಅಂಚು ನಯವಾಗಿದ್ದರೆ ಜೋಡಿಸಿದ ಹಾಗೆ ಕಾಣುತ್ತದೆ, ಇದು ಹರಿದದ್ದು ಎಂದು ಗೊತ್ತಾಗಬೇಕು ಎಂದು ಕಾವ್ಯ ಒಂದೇ ದೊಡ್ಡ ಹಾಳೆಯನ್ನು ಕೈಯಲ್ಲೇ ಹರಿದು ಮತ್ತೆ ಮಾಡಿಸಿದಳು. ಪ್ರದರ್ಶನಕ್ಕೆ ಹೋದದ್ದು ಆ ಹಾಳೆ.

ಲಕ್ಷದ್ವೀಪದ ಭಾಗದಲ್ಲಿ ಇನ್ನೊಂದು ತೊಡಕಿತ್ತು. ಮಾಲ್ಡೀವ್ಸ್, ಚಾಗೋಸ್ ಅಡಿಯಲ್ಲಿ ಇರುವ ಹಾಗೆ ಲಕ್ಷದ್ವೀಪದ ಅಡಿಯಲ್ಲಿರುವುದು ಬರೀ ಜ್ವಾಲಾಮುಖಿಯ ಬೆಟ್ಟ ಎಂದು ಎಲ್ಲ ಭೂವಿಜ್ಞಾನಿಗಳೂ ಒಪ್ಪುವುದಿಲ್ಲ. ಭಾರತ ಭೂಖಂಡದಿಂದ ಎಳೆದು ತೆಳುವಾದ ಒಂದು ಚೂರು ಅಲ್ಲಿದೆ, ಲಾವಾ ಅದರ ಮೇಲೆ ಸೇರಿಕೊಂಡದ್ದು ಎಂದು ವಾದಿಸುವವರಿದ್ದಾರೆ. ಒಮ್ಮೆ ಬಿಟ್ಟು ಹೇಳಿ ಪೆಟ್ಟು ತಿಂದಿದ್ದೆನಲ್ಲ, ಈ ಸಲ ಬಿಡಲಿಲ್ಲ. ಮಕ್ಕಳು ಭೂಪಟದಲ್ಲಿ ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಗಟ್ಟಿ ಕೆಂಪು ಗೆರೆ ಎಳೆದು, ಲಕ್ಷದ್ವೀಪದ ಬಳಿ ಚುಕ್ಕಿ ಗೆರೆ ಮಾಡಿದರು. ಪಕ್ಕದಲ್ಲಿ "ಇಲ್ಲಿ ಇನ್ನೂ ವಾದ ಇದೆ" ಎಂದು ಬರೆದರು. ಒಂಬತ್ತನೇ ತರಗತಿಗೆ ಇದು ಜಾಸ್ತಿಯಾಯಿತು ಎಂದು ಯಾರಿಗೂ ಅನ್ನಿಸಲಿಲ್ಲ.

ಮನೆಯ ಬೆಟ್ಟ

ಕಷ್ಟದ ತಿರುವು ಬಂದದ್ದು ಊರಿನ ಬೆಟ್ಟದಿಂದ. ಮಕ್ಕಳು ಸಾಲಿಗೆ ಚಿಕ್ಕಮಗಳೂರನ್ನೂ ಸೇರಿಸಿದ್ದರು. ಬಾಬಾಬುಡನ್ ಗಿರಿ ಸಾಲು ಮೇಲಿಂದ ನೋಡಿದರೆ ಅರ್ಧಚಂದ್ರದ ಹಾಗೆ ಬಾಗಿದೆ. ಚಂದ್ರದ್ರೋಣ ಎನ್ನುವುದು ಅದಕ್ಕೇ ಅಲ್ವಾ? ಅದು ಆರಿಹೋದ ಜ್ವಾಲಾಮುಖಿಯ ಬಾಯಿ ಎಂದು ಎಷ್ಟೋ ಜನ ನಂಬಿದ್ದಾರೆ. ಕಾವ್ಯನ ಅಪ್ಪ ದಿನಾ ಜೀಪಿನಲ್ಲಿ ಪ್ರವಾಸಿಗರಿಗೆ ಹೇಳುತ್ತಿದ್ದದ್ದು ಇದನ್ನೇ.

ಅದು ಸರಿಯಲ್ಲ. ಆ ಬೆಟ್ಟದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಅದರಲ್ಲಿ ಲಾವಾ ಪದರಗಳೂ ಇವೆ, ನಿಜ. ಆದರೆ ಅವು ದಖ್ಖನ್ನಿನ ಲಾವಾಕ್ಕಿಂತ ಸುಮಾರು ನಲವತ್ತು ಪಟ್ಟು ಹಳೆಯವು, ರಿಯೂನಿಯನ್ ಬೆಂಕಿಗೂ ಅವಕ್ಕೂ ಸಂಬಂಧವಿಲ್ಲ. ಬೆಟ್ಟದ ಈಗಿನ ಆಕಾರವೂ ಉಕ್ಕಿ ಬಂದದ್ದಲ್ಲ. ಪದರಗಳು ಮಡಚಿಕೊಂಡು, ಮೆದುವಾದದ್ದು ಸವೆದು, ಕಬ್ಬಿಣದ ಗಟ್ಟಿ ಪದರ ಎತ್ತರದಲ್ಲಿ ಉಳಿದು ಆದದ್ದು.

ಟೀಚರ್ ಹಿಂಜರಿದರು. "ಅಪ್ಪ ಹೇಳಿದ್ದು ತಪ್ಪು ಅಂತ ಎಲ್ಲರ ಎದುರು ಹೇಗೆ ಹೇಳೋದು ಸರ್?" ನಾನು, "ಹೇಳಬೇಡಿ, ಕಲ್ಲು ತರಿಸಿ" ಎಂದೆ. ರಸ್ತೆ ಬದಿ ಬಿದ್ದಿದ್ದ ಚೂರುಗಳನ್ನು ಮಕ್ಕಳು ತಂದರು. ನಾನು ನನ್ನಲ್ಲಿದ್ದ ಒಂದು ದಖ್ಖನ್ ಬಸಾಲ್ಟ್ ತುಂಡು ಕಳಿಸಿದೆ. ಒಂದು ಎಲ್ಲ ಕಡೆ ಒಂದೇ ಕಪ್ಪು. ಇನ್ನೊಂದು ಕೈಗೆ ಎತ್ತಿದರೆ ಭಾರ, ತೊಳೆದರೆ ಸೀರೆಯ ಅಂಚಿನ ಹಾಗೆ ಕೆಂಪು, ಬೂದು, ಕಪ್ಪು ಪಟ್ಟೆ. ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದರೆ ಟಪ್ ಎಂದು ಅಂಟಿಕೊಂಡಿತು. ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣದ ಕಲ್ಲು ಅದು. ಕಾವ್ಯ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದಳು.

ಪ್ರದರ್ಶನದ ದಿನ

ಬಹುಮಾನ ಬರಲಿಲ್ಲ. ಪಕ್ಕದ ಮೇಜಿನಲ್ಲಿ ಲೈಟು ಉರಿಯುವ ಅಣೆಕಟ್ಟಿತ್ತು, ಜನ ಅಲ್ಲೇ ನಿಂತರು. ತೀರ್ಪುಗಾರರೊಬ್ಬರು ಹಾಳೆ ನೋಡಿ, "ಹರಿದುಹೋಗಿದೆಯಲ್ಲ, ಬೇರೆ ತರಬಾರದಿತ್ತಾ?" ಎಂದರು.

"ಹರಿದುಹೋಗಿಲ್ಲ ಸರ್. ನಾವೇ ಹರಿದದ್ದು" ಎಂದಳು ಕಾವ್ಯ. ಹರಿದ ಅಂಚಿನ ಮೇಲೆ ಬೆರಳಿಟ್ಟು, ಈ ಕಡೆ ಭಾರತ ಆ ಕಡೆ ಆಫ್ರಿಕಾ ಎಂದು ಶುರು ಮಾಡಿ ಪೂರ್ತಿ ಹೇಳಿದಳು. ಅವರು ಕೈಕಟ್ಟಿ ನಿಂತು ಕೇಳಿದರು, ಆಮೇಲೆ ಮುಂದಿನ ಮೇಜಿಗೆ ಹೋದರು.

ಈ ಪ್ರಕರಣದಿಂದ ಟೀಚರ್ ತಮ್ಮ ತರಗತಿಗೆ ತೆಗೆದುಕೊಂಡದ್ದು ಎರಡು. ಮಾದರಿ ಕೆಲಸ ಮಾಡಿದ ದಿನಕ್ಕಿಂತ ಅದು ಭೂಪಟಕ್ಕೆ ಕೂರದ ದಿನ ಜಾಸ್ತಿ ಸಮಯ ಇಟ್ಟುಕೊಳ್ಳುವುದು. ಹೊರಗಿನವರು ಹೇಳಿದ್ದನ್ನು ಮಕ್ಕಳ ಕೈಯಲ್ಲಿ ಪರೀಕ್ಷೆ ಮಾಡಿಸುವುದು, ಹೇಳಿದವರು ತಮ್ಮ ಮೇಷ್ಟ್ರೇ ಆದರೂ ಸರಿ. ನಷ್ಟವೂ ಆಯಿತು. ಸುಮಾರು ಮೂರು ವಾರದ ಪಾಠ ಹಿಂದೆ ಬಿತ್ತು, ಅದನ್ನು ಶನಿವಾರ ಮಧ್ಯಾಹ್ನಗಳಲ್ಲಿ ಮುಗಿಸಬೇಕಾಯಿತು. ತಂಡದ ಹೊರಗಿದ್ದ ಮಕ್ಕಳಿಗೆ ಊದುಬತ್ತಿ ಹಿಡಿಯುವ ಸರದಿ ಸಿಗಲಿಲ್ಲ. ಈ ವರ್ಷ ಟೀಚರ್ ಅದನ್ನು ಇಡೀ ತರಗತಿಗೆ ನಾಲ್ಕು ನಾಲ್ಕು ಮಕ್ಕಳ ಗುಂಪಿನಲ್ಲಿ ಮಾಡಿಸುತ್ತಿದ್ದಾರೆ. ನಾನಂತೂ ಯಾರಾದರೂ ಕೇಳಿದರೆ ಈಗ ಬಿರುಕಿನಿಂದಲೇ ಕಥೆ ಶುರು ಮಾಡುತ್ತೇನೆ.

ಹೋದ ತಿಂಗಳು ಬೆಟ್ಟಕ್ಕೆ ಹೋಗಿದ್ದೆ. ಕಾವ್ಯನ ಅಪ್ಪನ ಜೀಪೇ ಸಿಕ್ಕಿತು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ತಿರುವಿನಲ್ಲಿ ಗಾಡಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನಿಂದ ಒಂದು ಪಟ್ಟೆ ಕಲ್ಲು ತೆಗೆದು ನನ್ನ ಕೈಗಿಟ್ಟರು. "ಎತ್ತಿ ನೋಡಿ ಸಾರ್, ಭಾರ ಇದೆ. ಎಲ್ಲಾರೂ ಇದನ್ನ ಜ್ವಾಲಾಮುಖಿ ಬೆಟ್ಟ ಅಂತಾರೆ. ಅದಲ್ಲ. ಇದು ನೀರೊಳಗೆ ಕೂತಿದ್ದ ಕಬ್ಬಿಣ. ಬೆಂಕಿ ಬೆಟ್ಟ ನೋಡ್ಬೇಕಂದ್ರೆ ನೀವು ಸಮುದ್ರಕ್ಕೆ ಹೋಗ್ಬೇಕು, ಹವಳದ ಕೆಳಗಿದೆ" ಎಂದರು. ಆಮೇಲೆ ಕಲ್ಲನ್ನು ವಾಪಸ್ ಇಸಿದುಕೊಂಡು, ಬಟ್ಟೆಯಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಗೇರ್ ಹಾಕಿದರು.